ಡಿಲನ್ ಅವರ ನಲವತ್ತು ಆಲ್ಬಂಗಳಲ್ಲಿ ಮುಂದೆ ಯಾವುದನ್ನು ಕೊಳ್ಳುವುದು?

ಪ್ರಶ್ನೆ: ನಮ್ಮ ಸೋದರಮಾವ ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋಗುವಾಗ ತಮ್ಮ ರೆಕಾರ್ಡ್ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ನನಗೆ ಕೊಟ್ಟು ಹೋದರು. ಅದರಲ್ಲಿ ತಾವೇ ಹಾಡು ಬರೆದು ಹಾಡುವ ಅಮೆರಿಕದ ಬಾಬ್ ಡಿಲನ್ ಅವರವೇ ಐದು ಇದ್ದವು: ದ ಫ್ರೀವೀಲಿನ್ ಬಾಬ್ ಡಿಲನ್, ಹೈವೇ 61 ರೀವಿಸಿಟೆಡ್, ಬ್ಲಾಂಡ್ ಆನ್ ಬ್ಲಾಂಡ್, ಬ್ಲಡ್ ಆನ್ ದ ಟ್ರ್ಯಾಕ್ಸ್, ಡಿಸೈರ್. ಐದೂ ತುಂಬಾ ಇಷ್ಟವಾದವು. ಇನ್ನಷ್ಟು ಕೊಳ್ಳೋಣ ಅಂತ ಹುಡುಕಿದರೆ ಪಟ್ಟಿ ಮುಗಿಯುವುದೇ ಇಲ್ಲ. ಹೆಸರಾದವು ಹೇಗೂ ಕೈಲಿವೆ. ಅಷ್ಟಾಗಿ ಯಾರೂ ಮಾತಾಡದ ಆಲ್ಬಂಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬಹುದು? ₹12,000 ಎತ್ತಿಟ್ಟಿದ್ದೇನೆ. ಮನೆಯಲ್ಲಿ ಹಳೇ ಸಿಡಿ ಪ್ಲೇಯರ್ ಕೂಡ ಇದೆ. ಇನ್ನೊಂದು ತೊಂದರೆ ಅಂದರೆ, ಅವರು ಹಾಡುವ ಇಂಗ್ಲಿಷ್ ನನಗೆ ಅರ್ಧ ಹಿಡಿಯುವುದೇ ಇಲ್ಲ.
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮೂರು ಎಲ್‌ಪಿ (ರೆಕಾರ್ಡ್ ಪ್ಲೇಯರಿಗೆ ಹಾಕುವ ದೊಡ್ಡ ರೆಕಾರ್ಡ್) ಕೊಳ್ಳಿ: ಜಾನ್ ವೆಸ್ಲಿ ಹಾರ್ಡಿಂಗ್ (1967), ಇನ್ಫಿಡೆಲ್ಸ್ (1983), ಓ ಮರ್ಸಿ (1989). ಒಂದು ಸಿಡಿ ಕೊಳ್ಳಿ: ವರ್ಲ್ಡ್ ಗಾನ್ ರಾಂಗ್ (1993). ದುಡ್ಡು ಉಳಿದರೆ, ಇಲ್ಲವೇ ಸೆಕೆಂಡ್ ಹ್ಯಾಂಡ್ ಸಿಕ್ಕರೆ, ನ್ಯೂ ಮಾರ್ನಿಂಗ್ (1970). ಇವೇ ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇವು ಮುಗಿದ ಮೇಲೆ ಮುಂದಿನದನ್ನು ನೀವೇ ಆರಿಸಿಕೊಳ್ಳಬೇಕಲ್ಲ.

ಡಿಲನ್ ಅವರ ಮೊದಲ ಆಲ್ಬಂ ಬಂದಿದ್ದು 1962ರಲ್ಲಿ. ಅಲ್ಲಿಂದ ಇಲ್ಲಿಗೆ ಸ್ಟುಡಿಯೋ ಆಲ್ಬಂಗಳೇ ನಲವತ್ತರ ಹತ್ತಿರ ಇವೆ. ಇದರ ಮೇಲೆ ಕಛೇರಿಗಳ ರೆಕಾರ್ಡಿಂಗ್, ಹಳೇ ಟೇಪುಗಳ ದೊಡ್ಡ ದೊಡ್ಡ ಪೆಟ್ಟಿಗೆಗಳು ಬೇರೆ. ಇಷ್ಟೊಂದು ಇದ್ದಾಗ ಸಾಮಾನ್ಯವಾಗಿ ಜನ ವರ್ಷದ ಪ್ರಕಾರ ಕೊಳ್ಳುತ್ತಾ ಹೋಗುತ್ತಾರೆ. ಇಲ್ಲದಿದ್ದರೆ ಯಾರೋ ಕೊಟ್ಟ ಸ್ಟಾರ್ ನೋಡಿ ಕೊಳ್ಳುತ್ತಾರೆ. ಎರಡೂ ಬೇಡ. ಡಿಲನ್ ವಿಷಯದಲ್ಲಿ ನೋಡಬೇಕಾದ್ದು ಒಂದೇ: ಆ ಆಲ್ಬಂ ಮಾಡುವಾಗ ರೂಮಿನಲ್ಲಿ ಜೊತೆಗೆ ಯಾರಿದ್ದರು? ಯಾರು ಬಾರಿಸಿದರು, ಯಾವ ಊರಲ್ಲಿ ರೆಕಾರ್ಡ್ ಆಯಿತು, ರೆಕಾರ್ಡಿಂಗ್ ನಡೆಸಿಕೊಟ್ಟ ಪ್ರೊಡ್ಯೂಸರ್ ಯಾರು?

ಅವರು ಕೆಲಸ ಮಾಡುವ ರೀತಿ ಹಾಗಿದೆ. ಹಾಡನ್ನು ತಿಂಗಳುಗಟ್ಟಲೆ ತಿದ್ದುತ್ತಾ ಕೂರುವವರಲ್ಲ ಅವರು. ವಾದಕರಿಗೆ ಜಾಸ್ತಿ ವಿವರಿಸುವುದೂ ಇಲ್ಲ. ಶುರು ಮಾಡುತ್ತಾರೆ, ಉಳಿದವರು ಹಿಂದೆಯೇ ಬರಬೇಕು. ನಿಮ್ಮ ಬ್ಲಾಂಡ್ ಆನ್ ಬ್ಲಾಂಡ್‌ನ ಕೊನೆಯ ಬದಿ ಪೂರ್ತಿ ಒಂದೇ ಹಾಡು ಇದೆಯಲ್ಲ, ಅದು ಹನ್ನೊಂದು ನಿಮಿಷ ನಡೆಯುತ್ತದೆ ಅಂತ ಬಾರಿಸುತ್ತಿದ್ದವರಿಗೆ ಗೊತ್ತೇ ಇರಲಿಲ್ಲ. ಈಗ ಮುಗಿಯುತ್ತೆ, ಈಗ ಮುಗಿಯುತ್ತೆ ಅಂತ ಏರಿಸುತ್ತಾ ಹೋದರು, ಮತ್ತೊಂದು ಚರಣ ಬರುತ್ತಲೇ ಇತ್ತು. ಹೀಗೆ ಕೆಲಸ ಮಾಡುವವರ ಆಲ್ಬಂನಲ್ಲಿ ಜೊತೆಗಿದ್ದವರ ಕಿವಿ ಎಷ್ಟು ಚುರುಕೋ ಫಲ ಅಷ್ಟು.

ನಂಬಿಕೆ ಬರದಿದ್ದರೆ ನಿಮ್ಮ ಹತ್ತಿರ ಇರುವ ಬ್ಲಡ್ ಆನ್ ದ ಟ್ರ್ಯಾಕ್ಸ್ ತೆಗೆಯಿರಿ. ಅದನ್ನು 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುಗಿಸಿದ್ದರು. ಡಿಸೆಂಬರಿನಲ್ಲಿ ಮನಸ್ಸು ಬದಲಾಯಿತು. ಐದು ಹಾಡುಗಳನ್ನು ಮಿನಿಯಾಪೊಲಿಸ್‌ನಲ್ಲಿ, ಅಲ್ಲಿನ ಸ್ಥಳೀಯ ವಾದಕರ ಜೊತೆ, ಹೊಸದಾಗಿ ರೆಕಾರ್ಡ್ ಮಾಡಿದರು. ಕವರ್ ಆಗಲೇ ಅಚ್ಚಾಗಿತ್ತು, ಹಾಗಾಗಿ ಆ ವಾದಕರ ಹೆಸರು ಅದರ ಮೇಲೆ ಬರಲೇ ಇಲ್ಲ. ಮೊದಲ ಬದಿಯ ಮೊದಲ ಹಾಡು ಮಿನಿಯಾಪೊಲಿಸ್‌ನದು, ಎರಡನೆಯದು ನ್ಯೂಯಾರ್ಕಿನದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೊದಲನೆಯದು ಓಡುತ್ತದೆ, ಗಿಟಾರುಗಳು ಮಿಂಚುತ್ತವೆ. ಎರಡನೆಯದರಲ್ಲಿ ಮನುಷ್ಯ ಒಬ್ಬನೇ ಕೂತಿರುವ ಹಾಗೆ ಇದೆ. ಬರೆದವರು ಒಬ್ಬರೇ, ವರ್ಷ ಅದೇ. ಬೇರೆಯಾಗಿದ್ದು ಊರು ಮತ್ತು ಜೊತೆಗಿದ್ದವರು.

ಈಗ ಜಾನ್ ವೆಸ್ಲಿ ಹಾರ್ಡಿಂಗ್. ಡಿಲನ್ ಅವರ ಅಷ್ಟೂ ಕೆಲಸದಲ್ಲಿ ಕನ್ನಡದ ಕಿವಿಗೆ ಇದಕ್ಕಿಂತ ಹತ್ತಿರದ ಆಲ್ಬಂ ಇಲ್ಲ ಅಂತ ನನಗೆ ಅನ್ನಿಸುತ್ತದೆ. 1966ರ ಜುಲೈನಲ್ಲಿ ಅವರಿಗೆ ಮೋಟಾರ್ ಸೈಕಲ್ ಅಪಘಾತ ಆಯಿತು. ಅದಾದ ಮೇಲೆ ಊರೂರು ತಿರುಗುವುದನ್ನು ನಿಲ್ಲಿಸಿ ವುಡ್‌ಸ್ಟಾಕ್ ಕಡೆ ಮನೆಯಲ್ಲಿ ಉಳಿದರು. 1967ರಲ್ಲಿ ಬೀಟಲ್ಸ್ ಸೇರಿದಂತೆ ಎಲ್ಲರೂ ಸ್ಟುಡಿಯೋದಲ್ಲಿ ಸದ್ದಿನ ಮೇಲೆ ಸದ್ದು ಪೇರಿಸುತ್ತಿದ್ದರು. ವಾದ್ಯಮೇಳ, ಹಿಂದುಮುಂದಾದ ಟೇಪು, ಸಿತಾರ್, ಎಲ್ಲ. ಡಿಲನ್ ಆ ವರ್ಷದ ಕೊನೆಗೆ ನ್ಯಾಶ್‌ವಿಲ್‌ಗೆ ಹೋಗಿ ಮೂರೇ ಸಲ ಕೂತು ಈ ಆಲ್ಬಂ ಮುಗಿಸಿದರು. ಒಂದು ಗಿಟಾರು, ಮೌತ್ ಆರ್ಗನ್, ಬೇಸ್, ಡ್ರಮ್ಸ್, ಒಂದೆರಡು ಹಾಡಿಗೆ ಪಿಯಾನೋ. ಕೊನೆಯ ಎರಡು ಹಾಡಿಗೆ ಮಾತ್ರ ಪೀಟ್ ಡ್ರೇಕ್ ಅವರ ಸ್ಟೀಲ್ ಗಿಟಾರ್ ಸೇರುತ್ತದೆ. ಅಷ್ಟೇ.

ಬೇಸ್ ಬಾರಿಸಿದವರು ಚಾರ್ಲಿ ಮೆಕಾಯ್, ಡ್ರಮ್ಸ್ ಕೆನ್ನಿ ಬಟ್ರಿ. ಈ ಇಬ್ಬರೂ ನಿಮ್ಮ ಬ್ಲಾಂಡ್ ಆನ್ ಬ್ಲಾಂಡ್‌ನಲ್ಲೂ ಇದ್ದಾರೆ. ಅಲ್ಲಿದ್ದ ಗುಂಪಿನಲ್ಲಿ ಇವರಿಬ್ಬರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನೆಲ್ಲ ಹೊರಗೆ ಕಳಿಸಿದರೆ ಏನಾಗುತ್ತದೆ? ಬೇಸ್ ಗಿಟಾರೇ ಜೊತೆಗಾರನಾಗಿ ಹಾಡುವುದು ಕೇಳಿಸುತ್ತದೆ. ಮಾತು ಮುಂದೆ ಬಂದು ನಿಲ್ಲುತ್ತದೆ. ಹನ್ನೆರಡು ಹಾಡು, ಎರಡೂ ಬದಿ ಸೇರಿ ಸುಮಾರು 38 ನಿಮಿಷ. ಹೆಚ್ಚಿನವು ಮೂರ್ನಾಲ್ಕು ನಿಮಿಷದ ಒಳಗೇ ಮುಗಿಯುತ್ತವೆ. ಪದಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ಇಂಗ್ಲಿಷ್ ಹಿಡಿಯುವುದಿಲ್ಲ ಅಂದಿರಲ್ಲ, ಇಲ್ಲಿ ನಿಮಗೆ ಆ ಕಷ್ಟ ಬಹಳ ಕಡಿಮೆ.

ಆಲ್ ಅಲಾಂಗ್ ದ ವಾಚ್‌ಟವರ್ ಹಾಡು ಇರುವುದು ಇದರಲ್ಲೇ. ಜಿಮಿ ಹೆಂಡ್ರಿಕ್ಸ್ 1968ರಲ್ಲಿ ಅದನ್ನು ಗಿಟಾರಿನ ಬಿರುಗಾಳಿ ಮಾಡಿದರು. ಆ ರೂಪವನ್ನೇ ಬೆಂಗಳೂರಿನ ಪಬ್ಬುಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಡಿಲನ್ ಅವರ ಮೂಲ ಎರಡೂವರೆ ನಿಮಿಷದ್ದು. ಮೂರು ಚರಣ, ಪಲ್ಲವಿಯೇ ಇಲ್ಲ. ಒಬ್ಬ ವಿದೂಷಕ, ಒಬ್ಬ ಕಳ್ಳ ಮಾತಾಡಿಕೊಳ್ಳುತ್ತಾರೆ. ಕಥೆ ಎಲ್ಲಿ ಶುರುವಾಗಬೇಕಿತ್ತೋ ಅಲ್ಲಿಗೆ ಹಾಡು ಮುಗಿದು ಹೋಗುತ್ತದೆ. ಇವರು ಯಾರು, ಅದು ಯಾವ ಕೋಟೆ ಅಂತ ವಿಮರ್ಶಕರು ಐವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಶಿಶುನಾಳ ಷರೀಫರ ‘ಕೋಡಗನ ಕೋಳಿ ನುಂಗಿತ್ತ’ ಕೇಳುತ್ತಾ ಬೆಳೆದ ನಮಗೆ ಆ ಅವಸರ ಇಲ್ಲ. ಒಗಟಿನಂಥ ಪದವನ್ನು ಮೊದಲು ಬಾಯಿಗೆ ತಂದುಕೊಳ್ಳುತ್ತೇವೆ, ಅರ್ಥ ಅದರ ಪಾಡಿಗೆ ಬರುತ್ತದೆ.

ಇದರ ಕವರ್ ಸಿಕ್ಕಾಗ ಸರಿಯಾಗಿ ನೋಡಿ. ಬೂದು ಬಣ್ಣದ ಫೋಟೋ. ಡಿಲನ್ ನಡುವೆ ನಿಂತಿದ್ದಾರೆ. ಎರಡೂ ಪಕ್ಕದಲ್ಲಿ ಇರುವವರು ಬಂಗಾಳದ ಬಾವುಲ್ ಹಾಡುಗಾರರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಈ ಇಬ್ಬರನ್ನು ವುಡ್‌ಸ್ಟಾಕ್‌ಗೆ ಕರೆಸಿಕೊಂಡಿದ್ದವರು ಡಿಲನ್ ಅವರ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್. ಅವರು ಆಲ್ಬಂನಲ್ಲಿ ಹಾಡಿಲ್ಲ. ಆದರೂ ನಮ್ಮ ತತ್ವಪದಕಾರರ ಬಳಗದಂಥವರೇ ಆ ಕವರ್ ಮೇಲೆ ನಿಂತಿರುವುದು ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಈ ಆಲ್ಬಂ ಅನ್ನು ಎಲ್‌ಪಿಯಾಗಿಯೇ ಕೊಳ್ಳಿ ಅನ್ನುವುದಕ್ಕೆ ಆ ದೊಡ್ಡ ಫೋಟೋವೂ ಒಂದು ಕಾರಣ.

ನ್ಯೂ ಮಾರ್ನಿಂಗ್ ಬಗ್ಗೆ ಚುಟುಕಾಗಿ. 1970ರ ಜೂನ್‌ನಲ್ಲಿ ಬಂದ ಸೆಲ್ಫ್ ಪೋರ್ಟ್ರೇಟ್ ಆಲ್ಬಂಗೆ ಜನ ಛೀಮಾರಿ ಹಾಕಿದ್ದರು. ನಾಲ್ಕು ತಿಂಗಳಲ್ಲಿ ಇದು ಬಂತು. ಅನೇಕ ಕಡೆ ಡಿಲನ್ ಪಿಯಾನೋ ಮುಂದೆ ಕೂತಿದ್ದಾರೆ. ಮನೆ, ಹೆಂಡತಿ, ಮಕ್ಕಳು, ಬೆಳಗಿನ ಬಿಸಿಲು ಇದರ ಲೋಕ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟ ದಿನ ಎಷ್ಟು ಇರುಸುಮುರುಸಾಯಿತು ಅನ್ನುವುದರ ಮೇಲೂ ಒಂದು ಹಾಡಿದೆ. ಮೊದಲ ಹಾಡು ಇಫ್ ನಾಟ್ ಫಾರ್ ಯು ಅನ್ನು ಜಾರ್ಜ್ ಹ್ಯಾರಿಸನ್ ಕೂಡ ಅದೇ ವರ್ಷ ತಮ್ಮ ಆಲ್ಬಂನಲ್ಲಿ ಹಾಡಿದರು. ಮಹಾ ಆಲ್ಬಂ ಅಲ್ಲ, ಒಳ್ಳೆಯ ಆಲ್ಬಂ. ಭಾನುವಾರ ಬೆಳಗ್ಗೆ ಮನೆಯವರೆಲ್ಲ ಇರುವಾಗ ಹಾಕಬಹುದಾದ ಡಿಲನ್ ಇದೇ.

ಎಂಬತ್ತರ ದಶಕದಲ್ಲಿ ಮಾತ್ರ ಎಚ್ಚರ ಬೇಕು. ದುಡ್ಡು ಹಾಳಾಗುವುದು ಇಲ್ಲೇ. ನಾಕ್ಡ್ ಔಟ್ ಲೋಡೆಡ್ (1986), ಡೌನ್ ಇನ್ ದ ಗ್ರೂವ್ (1988), ಇವೆರಡೂ ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಡಿ. ಹೆಸರುಗಳ ಪಟ್ಟಿ ಉದ್ದ ಇದೆ, ಆದರೆ ಹಾಡಿಗೊಂದು ಗುಂಪು, ಊರಿಗೊಂದು ಸ್ಟುಡಿಯೋ. ಯಾರೂ ಯಾರ ಮಾತನ್ನೂ ಕೇಳಿಸಿಕೊಂಡ ಹಾಗಿಲ್ಲ. ಮೊದಲನೆಯದರಲ್ಲಿ ನಾಟಕಕಾರ ಸ್ಯಾಮ್ ಶೆಪರ್ಡ್ ಜೊತೆ ಸೇರಿ ಬರೆದ ಬ್ರೌನ್ಸ್‌ವಿಲ್ ಗರ್ಲ್ ಅನ್ನುವ ಹನ್ನೊಂದು ನಿಮಿಷದ ಹಾಡಿದೆ. ಅದು ಬಂಗಾರ. ಫೋನಿನಲ್ಲಿ ಕೇಳಿ, ಆಲ್ಬಂ ಕೊಳ್ಳಬೇಡಿ. ಹಾಗೆಯೇ 1973ರ ಡಿಲನ್ ಅನ್ನುವ ಹೆಸರಿನ ಆಲ್ಬಂ ಕಂಡರೆ ಮೋಸ ಹೋಗಬೇಡಿ. ಅವರು ಬೇರೆ ಕಂಪನಿಗೆ ಹೋದಾಗ ಹಳೇ ಕಂಪನಿ ಉಳಿದ ಟೇಪು ಜೋಡಿಸಿ ಬಿಟ್ಟಿದ್ದು ಅದು. ಹೀಗೆ ಬೇರೆ ಕಂಪನಿಗೆ ಹೋಗಿ ಮಾಡಿದ ಪ್ಲಾನೆಟ್ ವೇವ್ಸ್ (1974) ಮಾತ್ರ ಒಳ್ಳೆಯದು. ಅರವತ್ತರ ದಶಕದಿಂದ ಅವರ ಜೊತೆ ಬಾರಿಸಿ ಪಳಗಿದ್ದ ದ ಬ್ಯಾಂಡ್ ತಂಡ ಅದರಲ್ಲಿ ಪೂರ್ತಿ ಇದೆ. ಮುಂದಿನ ವರ್ಷದ ಪಟ್ಟಿಗೆ ಬರೆದಿಟ್ಟುಕೊಳ್ಳಿ.

ಆ ದಶಕದಲ್ಲಿ ನಾನು ಇನ್ಫಿಡೆಲ್ಸ್ ಅನ್ನೇ ಆರಿಸುವುದಕ್ಕೆ ಕಾರಣ ಆ ರೂಮು. ಡ್ರಮ್ಸ್ ಸ್ಲೈ ಡನ್‌ಬಾರ್, ಬೇಸ್ ರಾಬಿ ಶೇಕ್ಸ್‌ಪಿಯರ್. ಇಬ್ಬರೂ ಜಮೈಕಾದವರು, ರೆಗೇ ಸಂಗೀತದ ಬೆನ್ನೆಲುಬು. ಗಿಟಾರಿಗೆ ರೋಲಿಂಗ್ ಸ್ಟೋನ್ಸ್‌ನಲ್ಲಿ ಇದ್ದ ಮಿಕ್ ಟೇಲರ್. ಇನ್ನೊಂದು ಗಿಟಾರಿಗೆ ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್, ಡಿಲನ್ ಜೊತೆ ಪ್ರೊಡ್ಯೂಸರ್ ಕೂಡ ಅವರೇ. ನಮ್ಮ ಊರಿನಲ್ಲಿ ಡೈರ್ ಸ್ಟ್ರೇಟ್ಸ್ ಅಂದರೆ ಪ್ರಾಣ ಬಿಡುವ ಒಂದು ತಲೆಮಾರೇ ಇದೆ. ನಿಮ್ಮ ಮಾವನ ಪೆಟ್ಟಿಗೆಯಲ್ಲೂ ಒಂದಾದರೂ ಇರಬೇಕು, ಅಲ್ವಾ? ಡೈರ್ ಸ್ಟ್ರೇಟ್ಸ್ ಪ್ರಿಯರಿಗೆ ಡಿಲನ್ ಕಡೆಗೆ ಇದು ಬಾಗಿಲು. ಜೋಕರ್‌ಮನ್ ಹಾಡಿನಲ್ಲಿ ಬೇಸ್ ಎಲ್ಲಿ ನುಡಿಯುತ್ತದೆ, ಎಲ್ಲಿ ಸುಮ್ಮನಿರುತ್ತದೆ ಅನ್ನುವುದನ್ನೇ ಹಿಡಿದು ಒಂದು ಸಲ ಕೇಳಿ. ಮಾತಿಗೆ ಜಾಗ ಬಿಟ್ಟು ಬಾರಿಸುವುದು ಹೇಗೆ ಅಂತ ತಿಳಿಯುತ್ತದೆ. ಐ ಅಂಡ್ ಐ ಹಾಡು ರಾತ್ರಿ ಕೇಳುವುದಕ್ಕೆ. ಎರಡನೇ ಬದಿಯ ಯೂನಿಯನ್ ಸನ್‌ಡೌನ್ ನನಗೆ ಬರೀ ಭಾಷಣ ಅನ್ನಿಸುತ್ತದೆ.

ಇದರಲ್ಲಿ ಒಂದು ನೋವಿನ ಸಂಗತಿಯೂ ಇದೆ. ನಾಫ್ಲರ್ ತಮ್ಮ ತಂಡದ ಪ್ರವಾಸಕ್ಕೆ ಹೊರಟ ಮೇಲೆ ಡಿಲನ್ ಹಾಡುಗಳ ಆಯ್ಕೆಯನ್ನೂ ಮಿಕ್ಸನ್ನೂ (ದನಿ, ವಾದ್ಯಗಳನ್ನು ಬೆರೆಸುವ ಹದ) ಬದಲಾಯಿಸಿದರು. ಆಗ ಹೊರಗುಳಿದ ಹಾಡು ಬ್ಲೈಂಡ್ ವಿಲ್ಲಿ ಮೆಕ್‌ಟೆಲ್. ಒಂದು ಪಿಯಾನೋ, ಒಂದು ಗಿಟಾರು, ಒಂದು ದನಿ. ಗುಲಾಮಗಿರಿ ಇದ್ದ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳನ್ನು ಕಣ್ಣ ಮುಂದೆ ತಂದು ನಿಲ್ಲಿಸುವ ಹಾಡು. ಅದು ಜನರ ಕೈಗೆ ಬಂದಿದ್ದು 1991ರಲ್ಲಿ, ಹೊರಬರದ ಹಳೇ ಟೇಪುಗಳ ಬೂಟ್‌ಲೆಗ್ ಸೀರೀಸ್‌ನ ಮೊದಲ ಪೆಟ್ಟಿಗೆಯಲ್ಲಿ. ಇನ್ಫಿಡೆಲ್ಸ್ ಎರಡೂ ಬದಿ ಕೇಳಿದ ದಿನ ಆ ಹಾಡನ್ನೂ ಫೋನಿನಲ್ಲಿ ಹಾಕಿಕೊಂಡು ಕೇಳಿ. ಆಲ್ಬಂ ಪೂರ್ತಿಯಾಗುವುದು ಆಗ.

ಓ ಮರ್ಸಿ ನಿಮಗೆ ತುಂಬಾ ದಿನ ಜೊತೆಗಿರುತ್ತದೆ. 1989. ಪ್ರೊಡ್ಯೂಸರ್ ಡೇನಿಯಲ್ ಲಾನ್ವಾ. ಯೂಟೂ ತಂಡದ ದ ಜಾಶುವಾ ಟ್ರೀ ಮಾಡಿದವರಲ್ಲಿ ಒಬ್ಬರು. ನ್ಯೂ ಆರ್ಲಿಯನ್ಸ್‌ನಲ್ಲಿ ಒಂದು ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು, ಆ ಊರಿನ ವಾದಕರನ್ನು ಕರೆಸಿ, ಹೆಚ್ಚಾಗಿ ರಾತ್ರಿ ಹೊತ್ತು ರೆಕಾರ್ಡ್ ಮಾಡಿದರು. ಡಿಲನ್ 2004ರ ತಮ್ಮ ಆತ್ಮಕಥೆಯಲ್ಲಿ ಈ ಆಲ್ಬಂಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ. ಲಾನ್ವಾ ಜೊತೆ ಎಷ್ಟು ಜಗಳ, ಎಷ್ಟು ತಾಳ್ಮೆ ಅನ್ನುವುದೆಲ್ಲ ಅದರಲ್ಲಿ ಇದೆ. ಅದಕ್ಕಿಂತ ಹಿಂದಿನ ಐದಾರು ವರ್ಷ ಡಿಲನ್ ದನಿ ವಾದ್ಯಗಳ ಗದ್ದಲದಲ್ಲಿ ಮುಳುಗಿ ಹೋಗಿತ್ತು. ಲಾನ್ವಾ ಆ ದನಿಯನ್ನು ಎತ್ತಿ ನಿಮ್ಮ ಕಿವಿಯ ಪಕ್ಕಕ್ಕೆ ತಂದಿಟ್ಟರು. ಉಳಿದ ವಾದ್ಯಗಳೆಲ್ಲ ಹಿಂದೆ, ಮಂಜಿನೊಳಗೆ.

ಮ್ಯಾನ್ ಇನ್ ದ ಲಾಂಗ್ ಬ್ಲ್ಯಾಕ್ ಕೋಟ್ ಶುರುವಾಗುವುದೇ ಜೀರುಂಡೆಗಳ ಸದ್ದಿನಿಂದ. ಉದ್ದ ಕರಿ ಕೋಟಿನವನೊಬ್ಬ ಊರಿಗೆ ಬರುತ್ತಾನೆ, ಒಬ್ಬ ಹೆಂಗಸು ಯಾರಿಗೂ ಹೇಳದೆ ಅವನ ಜೊತೆ ಹೊರಟುಬಿಡುತ್ತಾಳೆ. ಯಾಕೆ ಅಂತ ಹಾಡು ಹೇಳುವುದಿಲ್ಲ. ಮೋಸ್ಟ್ ಆಫ್ ದ ಟೈಮ್ ಹಾಡಿನಲ್ಲಿ ಒಬ್ಬಾತ ‘ಅವಳ ನೆನಪು ಅಷ್ಟಾಗಿ ಕಾಡುವುದಿಲ್ಲ’ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಹೋಗುತ್ತಾನೆ. ಹೇಳಿದಷ್ಟೂ ಸುಳ್ಳು ಅಂತ ಗೊತ್ತಾಗುತ್ತಾ ಹೋಗುತ್ತದೆ. ಬ್ಲಡ್ ಆನ್ ದ ಟ್ರ್ಯಾಕ್ಸ್ ನಿಮಗೆ ಹಿಡಿಸಿದೆ ಅಂದಮೇಲೆ ಈ ಹಾಡು ಹಿಡಿಸದೇ ಇರಲಾರದು. ಲಾನ್ವಾ ಮತ್ತೆ ಜೊತೆಯಾದ ಟೈಮ್ ಔಟ್ ಆಫ್ ಮೈಂಡ್ (1997) ಹೆಸರಾದ ಆಲ್ಬಂ, ಅದಕ್ಕೆ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಬಂತು. ಆದರೆ ಅದು ಎರಡು ರೆಕಾರ್ಡಿನ ಸೆಟ್ಟು, ನಿಮ್ಮ ದುಡ್ಡಿನ ಅರ್ಧ ಅದೊಂದೇ ತಿಂದುಬಿಡಬಹುದು. ಓ ಮರ್ಸಿ ಮೊದಲು.

ಇನ್ನು ವರ್ಲ್ಡ್ ಗಾನ್ ರಾಂಗ್. ಇಲ್ಲಿ ರೂಮಿನಲ್ಲಿ ಬೇರೆ ವಾದಕರು ಯಾರೂ ಇಲ್ಲ. ಕ್ಯಾಲಿಫೋರ್ನಿಯಾದ ತಮ್ಮ ಮನೆಯ ಗ್ಯಾರೇಜಿನಲ್ಲಿ ಡಿಲನ್, ಒಂದು ಗಿಟಾರು, ಒಂದು ಮೌತ್ ಆರ್ಗನ್. ಹಾಡುಗಳೂ ಅವರವಲ್ಲ, ಹಳೇ ಬ್ಲೂಸ್ ಮತ್ತು ಜನಪದ ಹಾಡುಗಳು. ಸ್ವಂತ ಹಾಡು ಬರೆಯುವವರ ಆಲ್ಬಂಗಳ ಪಟ್ಟಿಯಲ್ಲಿ ಬೇರೆಯವರ ಹಾಡಿನ ಆಲ್ಬಂ ಯಾಕೆ ಸೇರಿಸಿದೆ ಅಂತ ನೀವು ಕೇಳಬಹುದು. ನಮ್ಮಲ್ಲಿ ಒಂದೇ ದೇವರನಾಮವನ್ನು ಒಬ್ಬೊಬ್ಬರು ಒಂದೊಂದು ರಾಗದಲ್ಲಿ ಹಾಡುತ್ತಾರೆ, ಯಾವ ಸಾಲಿನ ಮೇಲೆ ಯಾರು ಎಷ್ಟು ಹೊತ್ತು ನಿಂತರು ಅನ್ನುವುದರಲ್ಲಿ ಹಾಡುಗಾರರ ಮನಸ್ಸು ಕಾಣುತ್ತದೆ. ಇದೂ ಹಾಗೆ. ಡಿಲನ್ ಬರೆಯುವುದನ್ನು ಕಲಿತಿದ್ದು ಇಂಥ ಹಾಡುಗಳಿಂದಲೇ. ಪ್ರತಿ ಹಾಡನ್ನು ಯಾರಿಂದ ಪಡೆದರು ಅಂತ ಒಳಗಿನ ಹಾಳೆಯಲ್ಲಿ ಅವರೇ ಬರೆದಿದ್ದಾರೆ. ಸೆಕೆಂಡ್ ಹ್ಯಾಂಡ್ ಸಿಡಿ ಕೊಳ್ಳುವಾಗ ಆ ಹಾಳೆ ಇದೆಯೇ ಅಂತ ಬಿಚ್ಚಿ ನೋಡಿ. ಅದಿಲ್ಲದೆ ಕೊಳ್ಳಬೇಡಿ. ಇದನ್ನು ಸಿಡಿಯಲ್ಲೇ ತೆಗೆದುಕೊಳ್ಳಿ ಅಂದಿದ್ದಕ್ಕೆ ಕಾರಣ ಬೆಲೆ. ಒಬ್ಬರ ದನಿ, ಒಂದು ಗಿಟಾರು ಅಷ್ಟೇ ಇರುವಾಗ ಸಿಡಿಯಲ್ಲಿ ಕೇಳಿದರೂ ಏನೂ ಕಳೆದುಹೋಗುವುದಿಲ್ಲ.

ನೀವು ಡಿಸೈರ್ ಇಷ್ಟ ಅಂದಿರಿ. ಸ್ಕಾರ್ಲೆಟ್ ರಿವೆರಾ ಅವರ ಪಿಟೀಲು ಇರುವ ಆಲ್ಬಂ ಅದು, ಯಾರಿಗೆ ತಾನೇ ಇಷ್ಟವಾಗುವುದಿಲ್ಲ. ಅದರ ನಂತರದ ಸ್ಟ್ರೀಟ್ ಲೀಗಲ್ (1978) ಆಲ್ಬಂನಲ್ಲೂ ಅಂಥದೇ ದೊಡ್ಡ ತಂಡ, ಸ್ಯಾಕ್ಸೋಫೋನ್, ಹಿಂದೆ ಹೆಣ್ಣುಮಕ್ಕಳ ದನಿ ಎಲ್ಲ ಇದೆ. ಹಾಡುಗಳೂ ಒಳ್ಳೆಯವು, ಸೆನ್ಯೋರ್ ಹಾಡಂತೂ ಮರೆಯುವ ಹಾಗಿಲ್ಲ. ಆದರೆ ಮೂಲ ಮಿಕ್ಸ್ ಮಸುಕು ಮಸುಕಾಗಿದೆ, ವಾದ್ಯಗಳು ಒಂದರೊಳಗೊಂದು ಕಲಸಿಕೊಂಡಿವೆ. 1999ರಲ್ಲಿ ಅದನ್ನು ಹೊಸದಾಗಿ ಮಿಕ್ಸ್ ಮಾಡಿ ಸಿಡಿ ತಂದರು, ಅದು ಎಷ್ಟೋ ತಿಳಿಯಾಗಿದೆ. ಇದೊಂದರಲ್ಲಿ ಮಾತ್ರ ಹಳೇ ಎಲ್‌ಪಿಗಿಂತ ಆಮೇಲಿನ ಸಿಡಿಯೇ ಸರಿ.

ಮಾತು ಹಿಡಿಯುವುದಿಲ್ಲ ಅನ್ನುವುದಕ್ಕೆ ಬರುತ್ತೇನೆ. ಚಿಂತೆ ಬೇಡ, ಇಂಗ್ಲಿಷ್ ಮನೆಮಾತಾಗಿ ಇರುವವರಿಗೂ ಡಿಲನ್ ಪೂರ್ತಿ ಹಿಡಿಯುವುದಿಲ್ಲ. ಅವರ ಅಧಿಕೃತ ವೆಬ್‌ಸೈಟಿನಲ್ಲಿ ಹಾಡುಗಳ ಸಾಹಿತ್ಯ ಸಿಗುತ್ತದೆ. ಆದರೆ ಮೊದಲ ಸಲವೇ ಅದನ್ನು ಮುಂದಿಟ್ಟುಕೊಂಡು ಕೂರಬೇಡಿ, ಕಣ್ಣು ಓಡಿದರೆ ಕಿವಿ ಮುಚ್ಚಿಕೊಳ್ಳುತ್ತದೆ. ಮೊದಲು ಎರಡು ಸಲ ಸುಮ್ನೆ ಕೇಳಿ. ಆಮೇಲೆ ಹಾಡು ನಿಲ್ಲಿಸಿ ಸಾಹಿತ್ಯ ಓದಿ. ಆಮೇಲೆ ಹಾಳೆ ಮಡಚಿಟ್ಟು ಮತ್ತೆ ಕೇಳಿ. ಕೊಳ್ಳುವ ಕ್ರಮವನ್ನೂ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ: ಜಾನ್ ವೆಸ್ಲಿ ಹಾರ್ಡಿಂಗ್ ಮೊದಲು, ಓ ಮರ್ಸಿ ಎರಡನೆಯದು. ಇನ್ಫಿಡೆಲ್ಸ್‌ನಲ್ಲಿ ಮಾತು ದಟ್ಟ, ಅದು ಆಮೇಲೆ. ಸಿಡಿ ಯಾವಾಗ ಸಿಕ್ಕರೆ ಆವಾಗ. ನಾಲ್ಕನ್ನೂ ಒಂದೇ ವಾರ ತಂದುಬಿಟ್ಟರೆ ಯಾವುದನ್ನೂ ಸರಿಯಾಗಿ ಕೇಳುವುದಿಲ್ಲ.

ಬೆಲೆಯ ವಿಷಯ. ಹೊರದೇಶದಿಂದ ಬರುವ ಹೊಸ ಎಲ್‌ಪಿಗೆ ಈಗ ಸಾಮಾನ್ಯವಾಗಿ ₹2,500ರಿಂದ ಮೇಲೇ ಇರುತ್ತದೆ. ಹಾಗಾಗಿ ಮೂರು ಹೊಸದು, ಒಂದು ಸೆಕೆಂಡ್ ಹ್ಯಾಂಡ್ ಸಿಡಿ ನಿಮ್ಮ ದುಡ್ಡಿನಲ್ಲಿ ಬರುತ್ತವೆ. ಹಳೇ ರೆಕಾರ್ಡ್ ಹುಡುಕುವ ಆಸೆ ಇದ್ದರೆ ಅವೆನ್ಯೂ ರಸ್ತೆ, ಬಿವಿಕೆ ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರಿಗೆ ಬೆಳಗ್ಗೆ ಬೇಗ ಹೋಗಿ. ರೆಕಾರ್ಡನ್ನು ಕವರಿನಿಂದ ತೆಗೆದು, ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡಿ. ಕೂದಲೆಳೆಯಂಥ ಗೀರು ಪರವಾಗಿಲ್ಲ. ಉಗುರಿಗೆ ತಾಗುವ ಗೀರು ಇದ್ದರೆ ಮುಳ್ಳು ಅಲ್ಲಿ ಹಾರುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕಾಗಿದೆಯೇ ನೋಡಿ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಗೀಚು ಜಾಸ್ತಿ ಇದ್ದರೆ ತುಂಬಾ ಸಲ ಓಡಿದ ರೆಕಾರ್ಡ್ ಅಂತ ಅರ್ಥ. ನಮ್ಮ ಮಳೆಗಾಲದಲ್ಲಿ ಕವರಿಗೆ ಬೂಷ್ಟು ಹಿಡಿಯುತ್ತದೆ, ಮೂಸಿ ನೋಡಿದರೇ ಗೊತ್ತಾಗುತ್ತದೆ. ರೆಕಾರ್ಡ್ ಚೆನ್ನಾಗಿದ್ದರೆ ಕೊಳ್ಳಿ, ಒಳಗಿನ ಕಾಗದದ ಚೀಲ ಮಾತ್ರ ಬದಲಾಯಿಸಿ.

ಹಾಗೆ ಹುಡುಕುವಾಗ ಗ್ರೇಟೆಸ್ಟ್ ಹಿಟ್ಸ್ ರೆಕಾರ್ಡುಗಳು ಕೈಗೆ ಸಿಗುತ್ತಲೇ ಇರುತ್ತವೆ. ನಿಮ್ಮ ಹತ್ತಿರ ಇರುವ ಎಷ್ಟೋ ಹಾಡುಗಳೇ ಅವುಗಳಲ್ಲೂ ಇರುವುದರಿಂದ ಬಿಟ್ಟುಬಿಡಿ. 1971ರ ವಾಲ್ಯೂಮ್ 2 ಒಂದನ್ನು ಮಾತ್ರ ಬಿಡಬೇಡಿ. ಎರಡು ರೆಕಾರ್ಡಿನ ಸೆಟ್ಟು. ವಾಚಿಂಗ್ ದ ರಿವರ್ ಫ್ಲೋ, ವೆನ್ ಐ ಪೇಂಟ್ ಮೈ ಮಾಸ್ಟರ್‌ಪೀಸ್ ಥರದ ಹಾಡುಗಳು ಅವರ ಅದುವರೆಗಿನ ಯಾವ ಸ್ಟುಡಿಯೋ ಆಲ್ಬಂನಲ್ಲೂ ಇರಲಿಲ್ಲ, ಅವರ ಆಲ್ಬಂ ಒಂದಕ್ಕೆ ಮೊದಲು ಸೇರಿದ್ದು ಇದರಲ್ಲೇ. ಐ ಶಾಲ್ ಬಿ ರಿಲೀಸ್ಡ್ ಸೇರಿ ಮೂರು ಹಾಡುಗಳನ್ನು ಗೆಳೆಯ ಹ್ಯಾಪಿ ಟ್ರೌಮ್ ಅವರ ಜೊತೆ ಕೂತು ಇದಕ್ಕೆಂದೇ ಹೊಸದಾಗಿ ರೆಕಾರ್ಡ್ ಮಾಡಿದ್ದಾರೆ. ಇಬ್ಬರೇ, ಎದುರು ಬದುರು. ಎರಡೂ ರೆಕಾರ್ಡ್ ಒಳಗಿವೆಯೇ ಅಂತ ಎಣಿಸಿಕೊಂಡು ದುಡ್ಡು ಕೊಡಿ.